ತಟ್ಟಿದವರು ಹೊರಗಿನವರು

ಫೆರೋ ದ್ವೀಪಗಳಲ್ಲೊಂದಾದ ನಮ್ಮ ಲಾಂಬೊಯ್‌ನಲ್ಲಿ ಯಾರೂ ಬಾಗಿಲು ತಟ್ಟುವುದಿಲ್ಲ. ಹಿಡಿ ತಿರುಗಿಸಿ ಒಳಗೆ ಬರುತ್ತಾರೆ, ಬೂಟು ಕಳಚುತ್ತಾರೆ, ಅಡುಗೆಮನೆಯಲ್ಲಿ ಕಾಫಿ ಬಗ್ಗಿಸಿಕೊಂಡು ಕೂತ ಮೇಲೆ ‘ಯಾರಾದ್ರೂ ಇದೀರಾ?’ ಎಂದು ಕೇಳುತ್ತಾರೆ. ಹೊಸ ಪಾದ್ರಿ ಬಂದಾಗ ಮೊದಲ ದಿನ ತಟ್ಟಿದ್ದ. ಮೂರು ಮನೆಯವರು ತೆಗೆಯಲಿಲ್ಲ. ಎರಡನೆಯ ಸಲಕ್ಕೆ ಅವನೂ ಕಲಿತುಕೊಂಡ. ಹದಿನೇಳು ಜನ ಇರುವ ಊರಿನಲ್ಲಿ ಬಾಗಿಲು ತಟ್ಟುವುದೆಂದರೆ ನಾನು ನಿಮ್ಮವನಲ್ಲ ಎಂದು ಸಾರಿದ ಹಾಗೆ.

ಹಾಗಾಗಿ ಆ ಗುರುವಾರ ಬೆಳಿಗ್ಗೆಯಿಂದ ನನ್ನ ಕಿವಿ ಬಾಗಿಲ ಹಿಡಿಯ ಮೇಲೆಯೇ ಇತ್ತು.

ನನ್ನ ತಂಗಿ ಮಾರ್ನಾ ಬರುವವಳಿದ್ದಳು. ಅವಳಾಗಿ ಹೇಳಿ ಕಳಿಸಿರಲಿಲ್ಲ. ಹದಿನೆಂಟು ವರ್ಷದಿಂದ ಅವಳು ನನಗೆ ಒಂದು ಮಾತನ್ನೂ ಹೇಳಿ ಕಳಿಸಿಲ್ಲ. ಅವಳು ಇರುವುದು ಡೆನ್ಮಾರ್ಕಿನಲ್ಲಿ. ಅವಳ ಮಗಳು ಲಿವ್ ಅಲ್ಲಿಂದ ಫೋನಿಗೆ ಬರೆದಿದ್ದಳು: ‘ದೊಡ್ಡಮ್ಮಾ, ಅಮ್ಮ ಪ್ರವಾಸದ ಹಡಗಲ್ಲಿ ಬರ್ತಿದಾಳೆ. ಗುರುವಾರ ನಿಮ್ಮಲ್ಲಿ ನಾಲ್ಕು ಗಂಟೆ ನಿಲ್ತಾರಂತೆ. ನಾನು ಹೇಳಿದೆ ಅನ್ಬೇಡ.’

ನಾಲ್ಕು ಗಂಟೆ. ಹದಿನೆಂಟು ವರ್ಷಕ್ಕೆ ನಾಲ್ಕು ಗಂಟೆ.

ನಾವು ಜಗಳವಾಡಿದ್ದು ಅಮ್ಮನ ಬೆಳ್ಳಿಗಾಗಿ. ಹಬ್ಬದ ಉಡುಪಿನ ಎದೆಗೆ ಹಾಕುವ ಗುಂಡಿಗಳು, ಕೊಂಡಿಗಳು, ಒಂದು ಉದ್ದನೆಯ ಸರಪಳಿ. ಅಮ್ಮನನ್ನು ಮಣ್ಣು ಮಾಡಿದ ಮಾರನೆಯ ದಿನ ಮಾರ್ನಾ ಕಪಾಟು ತೆಗೆದು, ಲಿವ್‌ಗೆ ಹದಿನಾಲ್ಕು, ಚರ್ಚಿನಲ್ಲಿ ದೃಢೀಕರಣಕ್ಕೆ ನಿಲ್ಲುವ ವರ್ಷ ಇದು, ಹಾಕಿಕೊಳ್ಳಲಿ, ನಾನು ತೆಗೆದುಕೊಂಡು ಹೋಗುತ್ತೇನೆ ಎಂದಳು. ಅಷ್ಟೇ. ಕೇಳಬಾರದ್ದೇನೂ ಕೇಳಲಿಲ್ಲ. ಆದರೆ ಆರು ವರ್ಷ ಅಮ್ಮನ ಮಲಮೂತ್ರ ಬಾಚಿದವಳು ನಾನು. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಅದನ್ನು ಊರೇ ಬಲ್ಲದು. ಬಾಯಿಗೆ ಬಂದದ್ದೆಲ್ಲ ಅಂದೆ. ಏನೇನು ಅಂದೆನೋ ಪೂರ್ತಿ ನೆನಪಿಲ್ಲ. ಊರು ಬಿಟ್ಟು ಹೋದವಳಿಗೆ ಇಲ್ಲೇನು ಪಾಲು ಅಂದದ್ದು ನೆನಪಿದೆ. ಅವಳು ಅವತ್ತಿನ ದೋಣಿಗೇ ಹೋದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಆ ಬೆಳ್ಳಿಯನ್ನು ನಾನು ಒಂದು ದಿನವೂ ಹಾಕಿಕೊಳ್ಳಲಿಲ್ಲ. ಯಾರಿಗೆ ಬೇಕಿತ್ತು ಅದು! ಬುಧವಾರ ಸಂಜೆ ಹೊರತೆಗೆದು ಉಜ್ಜಿ ಉಜ್ಜಿ ಹೊಳೆಸಿದೆ. ಅವಳು ಬರಬೇಕು, ಮೇಜಿನ ಮೇಲೆ ಅದು ಇರಬೇಕು, ತಪ್ಪು ನನ್ನದು ಎಂದು ನಾನು ಅನ್ನಬೇಕು. ಇಷ್ಟೇ ನನಗೆ ಬೇಕಾಗಿದ್ದದ್ದು. ನನಗೆ ಎಪ್ಪತ್ತು, ಅವಳಿಗೆ ಅರವತ್ತಾರು. ಇನ್ನೊಂದು ಸಲ ಅಂತ ಎಷ್ಟು ಸಲ ಇರುತ್ತದೆ?

ಹನ್ನೊಂದಕ್ಕೆ ಹಡಗು ಕೊಲ್ಲಿಯ ಬಾಯಲ್ಲಿ ನಿಂತಿತು. ನಮ್ಮ ಚರ್ಚು, ಶಾಲೆ, ಹದಿನಾಲ್ಕು ಮನೆ ಎಲ್ಲವನ್ನೂ ಅದರ ಒಂದು ಅಂತಸ್ತಿನಲ್ಲಿ ತುಂಬಬಹುದು. ಅದರ ಹೊಟ್ಟೆಯಿಂದ ಕಿರುದೋಣಿಗಳು ಇಳಿದು ದೋಣಿಕಟ್ಟೆಗೆ ಜನರನ್ನು ತಂದು ಸುರಿಯತೊಡಗಿದವು. ಎಲ್ಲರಿಗೂ ಹಡಗಿನವರೇ ಕೊಟ್ಟ ಒಂದೇ ಥರದ ಕೆಂಪು ಅಂಗಿ, ತಲೆಗೆ ಅಂಗಿಯದೇ ಟೋಪಿ, ಮುಖ ಕಾಣದ ಹಾಗೆ ಬಿಗಿದ ದಾರ. ಅವರಲ್ಲಿ ಗಂಡು ಯಾರು ಹೆಣ್ಣು ಯಾರು ತಿಳಿಯದಿದ್ದ ಮೇಲೆ ತಂಗಿ ಯಾರು ಎಂದು ನಾನು ಕಿಟಕಿಯಿಂದ ಹೇಗೆ ಹುಡುಕಲಿ?

ಕಟ್ಟೆಗೆ ಹೋಗಬಹುದಿತ್ತಲ್ಲ ಎಂದು ನೀವು ಕೇಳಬಹುದು. ನೆರೆಮನೆಯ ಹಾನುಸನೂ ಅದನ್ನೇ ಕೇಳಿದ. ಅವನು ಬೆಳಿಗ್ಗೆ ಬಂದು, ಕಾಫಿ ಬಗ್ಗಿಸಿಕೊಂಡು, ಮೇಜಿನ ಮೇಲಿದ್ದ ಏಳು ಥರದ ಕೇಕನ್ನು ನೋಡಿದ.

‘ಏನ್ ಸುನ್ನೆವಾ, ಹಡಗಿನೋರಿಗೆಲ್ಲಾ ಊಟ ಹಾಕ್ತೀಯಾ?’

‘ನಿನಗ್ಯಾಕೆ? ಕೈ ತೆಗಿ ಅಲ್ಲಿಂದ.’

‘ಮಾರ್ನಾ ಬರ್ತಾಳೆ ಅಂತ ಊರಿಗೆಲ್ಲಾ ಗೊತ್ತು. ಕಟ್ಟೆಗೆ ಹೋಗಿ ಕರ್ಕೊಂಡ್ ಬಾ. ಕಾಲೇನ್ ಸವೆದ್ಹೋಗಲ್ಲ.’

‘ಮನೆಯವಳನ್ನ ಯಾರಾದ್ರೂ ಹೋಗಿ ಕರೀತಾರಾ? ದಾರಿ ಗೊತ್ತಿದೆ, ಬಾಗಿಲು ಗೊತ್ತಿದೆ. ಬರೋ ಮನಸ್ಸಿದ್ರೆ ಬರ್ತಾಳೆ.’

‘ನಿನ್ ಮೊಂಡುತನಕ್ಕೆ ನಮ್ಮ ಟಗರು ವಾಸಿ’ ಎಂದು ಹಾನುಸ್ ಒಂದು ಕೇಕು ಬಾಯಿಗೆ ಹಾಕಿಕೊಂಡು ಹೋದ.

ಅವನಿಗೇನೋ ಹಾಗೆ ಹೇಳಿದೆ. ನಿಜ ಬೇರೆ. ಕಟ್ಟೆಯಲ್ಲಿ ಎಲ್ಲರೆದುರು ಅವಳು ನನ್ನನ್ನು ನೋಡಿ ಮುಖ ತಿರುಗಿಸಿದರೆ ಏನು ಮಾಡಲಿ ಎಂಬ ಹೆದರಿಕೆ.

ಕಾಲು ಸುಟ್ಟ ಬೆಕ್ಕಿನ ಹಾಗೆ ಒಲೆಯಿಂದ ಕಿಟಕಿಗೆ, ಕಿಟಕಿಯಿಂದ ಒಲೆಗೆ ಓಡಾಡಿದೆ. ಕಾಫಿ ಮಾಡಿದೆ, ತಣ್ಣಗಾಯಿತು, ಚೆಲ್ಲಿ ಮತ್ತೆ ಮಾಡಿದೆ. ಒಣಗಿಸಿದ ಕುರಿಮಾಂಸವನ್ನು ತೆಳ್ಳಗೆ ಕೊಯ್ದು ಇಟ್ಟೆ, ಅವಳಿಗೆ ದಪ್ಪಗಿದ್ದರೆ ಇಷ್ಟ ಎಂದು ನೆನಪಾಗಿ ಮತ್ತೆ ಕೊಯ್ದೆ. ಬೆಳ್ಳಿಯನ್ನು ಮೇಜಿನ ಮಧ್ಯ ಇಟ್ಟೆ. ಲಂಚ ಇಟ್ಟ ಹಾಗೆ ಕಂಡಿತು. ತೆಗೆದು ಕಿಟಕಿಯ ಬಳಿ ಇಟ್ಟೆ.

ಹನ್ನೆರಡಕ್ಕೆ ಯಾರೋ ಬಾಗಿಲು ತಟ್ಟಿದರು. ತಟ್ಟಿದ್ದರಿಂದಲೇ ಅವಳಲ್ಲ ಎಂದು ಗೊತ್ತಾಯಿತು. ತೆಗೆದರೆ ಗಂಡ ಹೆಂಡತಿ ಇಬ್ಬರು ಕೆಂಪಂಗಿಗಳು. ಹೆಂಡತಿ ಒಂದು ಕಾಲಿನ ಮೇಲೆ ನಿಂತಿದ್ದಳು. ಶೌಚಕ್ಕೆ ಬಿಟ್ಟೆ. ಅವಳು ಒಳಗಿದ್ದಾಗ ಗಂಡ ನನ್ನ ಒಲೆಯ ಫೋಟೋ ತೆಗೆದ. ಹತ್ತು ನಿಮಿಷಕ್ಕೆ ಮತ್ತೊಬ್ಬ ತಟ್ಟಿದ. ಇದು ವಸ್ತು ಸಂಗ್ರಹಾಲಯವೇ, ಎಷ್ಟು ಹೊತ್ತಿನವರೆಗೆ ತೆರೆದಿರುತ್ತದೆ ಎಂದು ಕೇಳಿದ. ನಾನು ಸಾಯುವವರೆಗೂ ಎಂದೆ. ಅವನಿಗೆ ಅರ್ಥವಾಗದೆ ಧನ್ಯವಾದ ಹೇಳಿದ. ಆಮೇಲೆ ಮೂವರು ಹೆಂಗಸರು, ನಾನು ತೊಟ್ಟ ಸ್ವೆಟರು ಮಾರುತ್ತೀಯಾ ಎಂದು. ತೊಟ್ಟದ್ದನ್ನು! ಅಡುಗೆಮನೆಯ ಕಿಟಕಿಗೆ ಮೂಗು ಒತ್ತಿ ಒಬ್ಬ ಒಳಗೆ ನೋಡುತ್ತಿದ್ದ. ಅವನ ಮುಖದೆದುರೇ ಪರದೆ ಎಳೆದೆ.

ಒಂದು ಗಂಟೆ ಆಯಿತು. ಒಂದೂವರೆ ಆಯಿತು. ಬರುವುದಿಲ್ಲ ಅಂದುಕೊಂಡೆ. ಬಂದರೆ ಇಷ್ಟು ಹೊತ್ತು ಬೇಕೇ? ಕಟ್ಟೆಯಿಂದ ಮನೆಗೆ ಆರು ನಿಮಿಷ. ಚರ್ಚಿನ ಹಿಂದೆ ಅಮ್ಮನ ಗೋರಿಯ ಹತ್ತಿರ ಹೋಗಿರಬಹುದು, ಹೋಗಲಿ. ನನ್ನ ಮುಖ ನೋಡದೆ ಅಮ್ಮನನ್ನು ಮಾತ್ರ ನೋಡಿ ಹೋಗಲೆಂದೇ ಬಂದಿರಬಹುದು. ಹಾಗೆ ಅನ್ನಿಸಿದ್ದೇ ತಡ ಮೈಯೆಲ್ಲ ಉರಿಯಿತು. ಕೆನೆಯ ಪಾತ್ರೆ ಎಳೆದುಕೊಂಡು ಅದರ ಮೇಲೆ ಸಿಟ್ಟು ತೀರಿಸುತ್ತ ಕಡೆಯತೊಡಗಿದೆ.

ಆಗ ಮತ್ತೆ ತಟ್ಟಿದರು. ಮೆತ್ತಗೆ ಮೂರು ಸಲ.

ನಾನು ಏಳಲಿಲ್ಲ. ಕೈಯೆಲ್ಲ ಕೆನೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮೂರು ಸಲ. ಕಡೆಯುವುದನ್ನು ನಿಲ್ಲಿಸದೆ, ಬಾಗಿಲಿನತ್ತ ಮುಖವನ್ನೂ ತಿರುಗಿಸದೆ, ಅವರ ಇಂಗ್ಲಿಷಿನಲ್ಲೇ ಗಟ್ಟಿಯಾಗಿ ಕೂಗಿದೆ: ‘ಇಲ್ಲಿ ನಿಮಗೇನೂ ಇಲ್ಲ, ಹೋಗಿ!’

ಆಮೇಲೆ ಜಲ್ಲಿಕಲ್ಲಿನ ಮೇಲೆ ಹೆಜ್ಜೆಗಳು ದೂರವಾದವು. ಪೀಡೆ ತೊಲಗಿತು ಅಂದುಕೊಂಡೆ.

ಎರಡೂಕಾಲಿಗೆ ಬಾಗಿಲ ಹಿಡಿ ತಿರುಗಿತು. ನಾನು ಕೈಯಲ್ಲಿದ್ದ ಪಾತ್ರೆಯ ಸಮೇತ ಎದ್ದು ನಿಂತೆ. ಬಂದವನು ಹಾನುಸ್. ಅಡುಗೆಮನೆಯನ್ನು ಸುತ್ತ ನೋಡಿದ, ತಾನು ತಿಂದದ್ದು ಬಿಟ್ಟರೆ ಯಾರೂ ಮುಟ್ಟದ ಏಳು ಥರದ ಕೇಕನ್ನು ನೋಡಿದ.

‘ಎಲ್ಲಿ ಮಾರ್ನಾ? ಆಗ್ಲೇ ಹೋದ್ಲಾ?’

‘ಬರಲೇ ಇಲ್ಲ ಕಣೋ ನಿನ್ ಮಾರ್ನಾ.’

‘ಬರಲಿಲ್ವಾ? ಗೋರಿ ಹತ್ರ ಸಿಕ್ಕಿದ್ಲು. ಅಕ್ಕ ಮನೇಲಿದಾಳಾ ಅಂತ ನಾಲ್ಕು ಸಲ ಕೇಳಿದ್ಲು. ಇದಾಳೆ, ಹೋಗೇ ಅಂದೆ. ನಿನ್ ಬಾಗಿಲ ಮುಂದೆ ನಿಂತಿದ್ದನ್ನ ನಾನೇ ನೋಡ್ದೆ, ಕುರಿ ಗೋಡೆ ಹತ್ರದಿಂದ. ಎಷ್ಟೋ ಹೊತ್ತು ನಿಂತಿದ್ಲು. ಆಮೇಲೆ ಕೈ ಎತ್ತಿ…’

ಅವನು ಮಾತು ನಿಲ್ಲಿಸಿದ. ನನ್ನ ಮುಖ ನೋಡಿ ನಿಲ್ಲಿಸಿದ.

‘ತಟ್ಟಿದ್ಲಾ?’ ಎಂದೆ.

‘ತಟ್ಟಿದ ಹಾಗಿತ್ತು.’

‘ಯಾಕೆ ತಟ್ಟಿದ್ಲು? ಹುಟ್ಟಿದ ಮನೆ ಬಾಗಿಲನ್ನ ಯಾಕೆ ತಟ್ಟಿದ್ಲು ಅವಳು?’

ಅವನಿಗೇನು ಗೊತ್ತು! ನಾನು ಬೆಳ್ಳಿಯನ್ನು ಪಾತ್ರೆ ಒರೆಸುವ ಬಟ್ಟೆಯಲ್ಲಿ ಸುತ್ತಿಕೊಂಡು, ಮನೆಯೊಳಗಿನ ಉಣ್ಣೆಯ ಚಪ್ಪಲಿಯಲ್ಲೇ ಓಡಿದೆ. ಎಪ್ಪತ್ತು ವರ್ಷದ ಮುದುಕಿ ಇಳಿಜಾರಿನಲ್ಲಿ ಓಡುವುದನ್ನು ಕಂಡು ಕೆಂಪಂಗಿಗಳು ಫೋನು ಎತ್ತಿ ಹಿಡಿದವು. ಕಟ್ಟೆ ತಲುಪುವ ಹೊತ್ತಿಗೆ ಒಂದು ಕಿರುದೋಣಿ ಬಿಟ್ಟು ಕೊಲ್ಲಿಯ ಮಧ್ಯದಲ್ಲಿತ್ತು. ಅದರ ಹಿಂತುದಿಯಲ್ಲಿ ಒಬ್ಬರು ಟೋಪಿ ಹಿಂದಕ್ಕೆ ಸರಿಸಿ ಊರಿನತ್ತ ನೋಡುತ್ತ ಕೂತಿದ್ದರು. ಬಿಳಿಗೂದಲು. ನಮ್ಮ ಅಮ್ಮ ಕೂರುತ್ತಿದ್ದದ್ದೇ ಹಾಗೆ, ಒಂದು ಭುಜ ಇಳಿಸಿಕೊಂಡು.

‘ದೋಣಿ ತೆಗಿ’ ಎಂದೆ ಹಿಂದೆ ಏದುಸಿರು ಬಿಡುತ್ತ ಬಂದ ಹಾನುಸನಿಗೆ.

ಅವನು ಎದುರಾಡಲಿಲ್ಲ. ಹುಟ್ಟಿದಾಗಿನಿಂದ ಎದುರಾಡಿದವನು ಅವತ್ತು ಬಾಯಿ ಮುಚ್ಚಿಕೊಂಡು ಎಂಜಿನ್ ಹಚ್ಚಿದ.

ಹಡಗಿನ ಪಕ್ಕದಲ್ಲಿ ಮುಂದಿನ ದೋಣಿಯವರು ಇನ್ನೂ ಮೆಟ್ಟಿಲು ಹತ್ತುತ್ತಿದ್ದರು, ಮಾರ್ನಾ ಇದ್ದ ದೋಣಿ ಸರದಿಗೆ ಕಾಯುತ್ತ ತೂಗುತ್ತಿತ್ತು. ನಾವು ಹತ್ತಿರ ಹೋದೆವು. ಅದನ್ನು ನಡೆಸುತ್ತಿದ್ದವನು ದೂರ, ದೂರ ಎಂದು ಕೈ ಬೀಸಿದ. ಹಾನುಸ್ ಅವನಿಗೂ ಕೈ ಬೀಸಿ, ನಮಸ್ಕಾರ ಹೇಳಿದವನಂತೆ, ಇನ್ನೂ ಹತ್ತಿರಕ್ಕೆ ಒಯ್ದ. ಎರಡು ದೋಣಿಗಳ ನಡುವೆ ಎರಡು ಮಾರು ನೀರು ಉಳಿಯಿತು.

ಅವಳ ಮುಖ ಮುದಿಯಾಗಿತ್ತು. ನನ್ನದೂ ಹಾಗೇ ಕಂಡಿರಬೇಕು ಅವಳಿಗೆ.

‘ಮಾರ್ನಾ, ನೀನು ಅಂತ ಗೊತ್ತಾಗ್ಲಿಲ್ಲ ಕಣೇ. ಪರದೇಶದೋರು ಅಂದ್ಕೊಂಡೆ. ಬೆಳಿಗ್ಗೆಯಿಂದ ನಿನಗೇ ಕಾಯ್ತಿದ್ದೆ.’

‘ನಿನ್ ದನಿ ಕೇಳ್ತು ಅಕ್ಕ. ಹೋಗಿ ಅಂದೆ, ಬಂದ್ಬಿಟ್ಟೆ.’

‘ಯಾಕೇ ತಟ್ಟಿದೆ? ನಮ್ಮನೇಲಿ ಯಾರ್ ತಟ್ತಾರೆ? ಹಿಡಿ ತಿರುಗಿಸಿ ಒಳಗೆ ಬರೋಕೆ ನಿನಗೇನಾಗಿತ್ತು?’

ಹೀಗೆ ನಾನು, ಆ ಹೊತ್ತಿನಲ್ಲೂ, ಅವಳ ಮೇಲೇ ತಪ್ಪು ಹೊರಿಸುತ್ತಿದ್ದೆ.

ಅವಳ ಪಕ್ಕದವರು ಏನೂ ತಿಳಿಯದೆ ನಮ್ಮಿಬ್ಬರನ್ನೂ ನೋಡಿ ಮುಗುಳ್ನಗುತ್ತಿದ್ದರು.

‘ನೀನೇ ಹೇಳಿದ್ದು’ ಎಂದಳು ಮಾರ್ನಾ. ‘ಅಮ್ಮನ್ನ ಮಣ್ಣು ಮಾಡಿದ ಮಾರನೇ ದಿನ. ಇನ್ ಮೇಲೆ ಈ ಮನೆಗೆ ಬಂದ್ರೆ ಹೊರಗಿನೋರ ಹಾಗೆ ಬಾಗಿಲು ತಟ್ಟಿ ನಿಂತ್ಕೋ, ತೆಗೀಬೇಕು ಅನ್ಸಿದ್ರೆ ತೆಗೀತೀನಿ ಅಂದೆ. ಹಂಗೇ ಮಾಡ್ದೆ. ಅರ್ಧ ಗಂಟೆ ಹಿಡಿ ಮೇಲೆ ಕೈ ಇಟ್ಕೊಂಡ್ ನಿಂತಿದ್ದೆ. ತಿರುಗಿಸೋಕೆ ಆಗ್ಲಿಲ್ಲ.’

ಅಂದಿದ್ದೆನೇ? ತಲೆಯೊಳಗೆ ಎಷ್ಟು ತಡಕಾಡಿದರೂ ಆ ಮಾತು ಸಿಗಲಿಲ್ಲ. ಆದರೆ ಅದು ನನ್ನದೇ ಮಾತು. ಅಷ್ಟು ಚುಚ್ಚಿ ಆಡುವವರು ನಮ್ಮ ದ್ವೀಪದಲ್ಲಿ ಬೇರೆ ಯಾರೂ ಇಲ್ಲ.

‘ಹದಿನೆಂಟು ವರ್ಷ ದಿನಾ ನೆನೆಸ್ಕೊಂಡಿದೀನಿ ಅದನ್ನ’ ಎಂದಳು. ‘ನಿನಗೆ ನೆನಪೇ ಇಲ್ವಾ?’

ಸುಳ್ಳು ಹೇಳಬಹುದಿತ್ತು. ನೆನಪಿದೆ, ದಿನಾ ಕೊರಗಿದ್ದೇನೆ ಅನ್ನಬಹುದಿತ್ತು.

‘ಇಲ್ಲ’ ಎಂದೆ.

ಅವಳು ಒಂದು ಥರ ನಕ್ಕಳು. ಆಮೇಲೆ ಕಣ್ಣು ಒರೆಸಿಕೊಂಡಳು. ‘ಹಂಗಾದ್ರೆ ನಾನು ಇಷ್ಟು ವರ್ಷ ಯಾರ ಜೊತೆ ಜಗಳ ಆಡ್ತಿದ್ದೆ ಅಕ್ಕ?’

‘ತಪ್ಪಾಯ್ತು ಮಾರ್ನಾ. ನಂದೇ ತಪ್ಪು. ಇದನ್ನ ತಗೋ, ಅಮ್ಮಂದು, ನಿನಗೇ ಅಂತ ತಂದಿದೀನಿ.’ ಗಂಟನ್ನು ನೀರಿನ ಮೇಲೆ ಚಾಚಿದೆ. ಸರಪಳಿ ಬಟ್ಟೆಯಿಂದ ಇಳಿಬಿದ್ದು ತೂಗಾಡಿತು.

ಅವಳು ಕೈ ಚಾಚಲಿಲ್ಲ. ‘ಲಿವ್‌ಗೆ ಮೂವತ್ತೆರಡು ಈಗ’ ಎಂದಳಷ್ಟೆ.

ಅವರ ಸರದಿ ಬಂತು. ದೋಣಿ ಮುಂದೆ ಸರಿಯಿತು, ಹಡಗಿನವನೊಬ್ಬ ಅವಳ ತೋಳು ಹಿಡಿದು ಮೆಟ್ಟಿಲಿಗೆ ಹತ್ತಿಸಿದ. ನಾನು ಕೂಗಿದೆ, ಕಾಫಿ ಬಿಸಿ ಇದೆ ಎಂದು ಕೂಗಿದೆ, ಮಾಂಸ ದಪ್ಪಗೆ ಕೊಯ್ದಿದ್ದೇನೆ ಎಂದು ಕೂಗಿದೆ. ಅವಳು ಬಾಗಿಲಲ್ಲಿ ಒಂದು ಕ್ಷಣ ನಿಂತಳು. ಹಿಂದಿನವರು ದೂಡಿದರು, ಒಳಗೆ ಹೋದಳು.

ಹಾನುಸ್ ದೋಣಿ ತಿರುಗಿಸಿದ. ನನ್ನ ಉಣ್ಣೆಯ ಚಪ್ಪಲಿ ನೆನೆದು ತೊಪ್ಪೆಯಾಗಿತ್ತು. ಹುಟ್ಟಿದ ಮೇಲೆ ನಾನು ನಮ್ಮ ಫೆರೋ ದ್ವೀಪಗಳನ್ನು ದಾಟಿ ಎಲ್ಲಿಗೂ ಹೋದವಳಲ್ಲ.

‘ಡೆನ್ಮಾರ್ಕಿಗೆ ಹಡಗು ಯಾವಾಗ?’ ಎಂದು ಕೇಳಿದೆ.

‘ಮುಂದಿನ ವಾರ. ಯಾಕೆ?’

‘ನನ್ ಕುರಿ ನೋಡ್ಕೋತೀಯಾ?’

‘ನೋಡ್ಕೋತೀನಿ. ಎಷ್ಟು ದಿನ?’

‘ಗೊತ್ತಿಲ್ಲ’ ಎಂದೆ. ‘ಅವಳು ಬಾಗಿಲು ತೆಗೆಯೋವರೆಗೂ.’