ಸೆಕೆಂಡಿಗೆ ಐದು ಸಲ
ಹಸಿರು ಗೆರೆ ಏಳುತ್ತಿದೆ, ಇಳಿಯುತ್ತಿದೆ, ಏಳುತ್ತಿದೆ, ಸೆಕೆಂಡಿಗೆ ಐದು ಸಲ, ಎಷ್ಟು ಚೆಂದ ಏಳುತ್ತಿದೆ ಇವತ್ತು, ಪರಿಶೀಲನೆಗೆ ಬಂದ ಸಮಿತಿಯ ಐದೂ ಜನ ಆಸಿಲೋಸ್ಕೋಪಿನ ಪರದೆಗೆ ಕಣ್ಣು ನೆಟ್ಟು ನಿಂತಿದ್ದಾರೆ, ಪ್ರೊಫೆಸರರ ಬೆರಳು ಗೆರೆಯ ನೆತ್ತಿಯ ಮೇಲಿದೆ, ನೋಡಿ, ನಾವು ಮಾಡಿರೋ ಈ ತೆಳು ಹಾಳೆಗೆ ಯಾರೂ ಏನೂ ಮಾಡ್ತಾ ಇಲ್ಲ, ಬ್ಯಾಟರಿ ಇಲ್ಲ, ಬೆಳಕಿಲ್ಲ, ಗಾಜಿನ ಪೆಟ್ಟಿಗೆ ಒಳಗೆ ತನ್ನ ಪಾಡಿಗೆ ತಾನು ಮಲಗಿದೆ, ಆದ್ರೂ ಕರೆಂಟ್ ಕೊಡ್ತಾ ಇದೆ, ತಾನಾಗೇ ಮಿಡೀತಾ ಇದೆ — ಎತ್ತರದ ಸ್ಟೂಲಿನ ಮೇಲೆ ಕೂತು ಅಳತೆ ಓದಬೇಕಾದ ಅವಳಿಗೆ ಸರಿಯಾಗಿ ಆ ಹೊತ್ತಿಗೇ ತೊಡೆಯ ಮೇಲಿನ ನೋಟ್‌ಬುಕ್ಕಿನತ್ತ ಕಣ್ಣು ಹೋಗಬೇಕೆ, ನೋಟ್‌ಬುಕ್ಕಿನ ಮೇಲೆ ಪೆನ್ಸಿಲು ಕುಣಿಯುತ್ತಿದೆ, ಗೆರೆ ಎದ್ದಾಗ ಏಳುತ್ತದೆ, ಗೆರೆ ಇಳಿದಾಗ ಇಳಿಯುತ್ತದೆ, ಪೆನ್ಸಿಲಿನ ಕೆಳಗೆ ನೋಟ್‌ಬುಕ್ಕು, ಅದರ ಕೆಳಗೆ ತನ್ನ ಬಲಗಾಲು, ಕಾಲಿನ ಕೆಳಗೆ ಮೇಜಿನ ಕಬ್ಬಿಣದ ಅಡ್ಡಪಟ್ಟಿ, ಆ ಪಟ್ಟಿಯ ಉದ್ದಕ್ಕೂ ನೀಟಾಗಿರಲಿ ಎಂದು ತಾನೇ ಟೇಪು ಸುತ್ತಿ ಅಂಟಿಸಿದ ತಂತಿ, ತಂತಿಯ ಒಂದು ತುದಿ ಹಾಳೆಗೆ, ಇನ್ನೊಂದು ತುದಿ ಪರದೆಗೆ. ಅಯ್ಯೋ. ಇಲ್ಲ, ಇರಲಾರದು, ಒಂದೇ ಒಂದು ಸಲ ನೋಡಿಬಿಡೋಣ, ಕಾಲನ್ನು ಚೂರೇ ಚೂರು ನಿಧಾನ ಮಾಡಿದಳು, ಗೆರೆ ಚೂರೇ ಚೂರು ನಿಧಾನವಾಯಿತು, ನೋಡಿದ್ರಾ ನೋಡಿದ್ರಾ, ಪ್ರೊಫೆಸರರ ದನಿ ಮೇಲೇರಿತು, ಆಗಾಗ ಹೀಗೆ ನಿಧಾನ ಆಗತ್ತೆ, ಇದಕ್ಕೂ ಎಂಟನೇ ಸಮೀಕರಣದಲ್ಲಿ ಉತ್ತರ ಇದೆ. ಅವಳ ಎದೆ ಧಸಕ್ಕೆಂದಿತು, ಎದೆ ಧಸಕ್ಕೆಂದದ್ದಕ್ಕೆ ಕಾಲು ಇನ್ನೂ ಜೋರಾಯಿತು, ಗೆರೆ ಪರದೆಯ ಮೇಲಂಚು ಮುಟ್ಟಿತು, ಸಮಿತಿಯವರು ಆಹಾ ಎಂದರು.

ಮೂರು ವರ್ಷ, ಮೂರು ಪ್ರಬಂಧ, ಎಲ್ಲದರಲ್ಲೂ ತನ್ನ ಹೆಸರೇ ಮೊದಲು, ಪ್ರೊಫೆಸರರು ಹಟ ಹಿಡಿದು ಹಾಕಿಸಿದ್ದು, ಕೆಲಸ ಅವಳದು, ನಾನು ಬರೀ ಲೆಕ್ಕ ಬರ್ದೋನು ಅಂತ. ಹೊರಗಿನ ಅಲುಗಾಟ ಹಾಳೆಗೆ ತಗಲಬಾರದೆಂದು ಚಪ್ಪಡಿ ಕಲ್ಲು ತರಿಸಿದ್ದೇನು, ಕಲ್ಲಿನ ಕೆಳಗೆ ಮರಳಿನ ಪೆಟ್ಟಿಗೆ, ಮರಳಿನ ಕೆಳಗೆ ರಬ್ಬರು, ಲಿಫ್ಟು ಓಡಾಡುವಾಗ ಅಳೆಯಬೇಡಿ ಎಂದು ಬಾಗಿಲಿಗೆ ಬೋರ್ಡು ಬೇರೆ, ಇಷ್ಟೆಲ್ಲ ಮಾಡಿ ತಂತಿಯನ್ನು ತಂದು ತನ್ನ ಕಾಲಬುಡಕ್ಕೇ ಅಂಟಿಸಿಕೊಂಡ ಜಾಣೆ. ಹಾಳೆ ತೆಗೆದಾಗ ಗೆರೆ ಮಲಗಿತ್ತಲ್ಲ, ಅದನ್ನೂ ನೋಡಿದ್ದೆವಲ್ಲ — ಹೌದಮ್ಮ, ಮಲಗಿತ್ತು, ಹಾಳೆ ತೆಗೆಯಲು ನೀನು ಎದ್ದು ನಿಂತಿದ್ದೆ. ತಂಗಿಯ ಬಾಣಂತನಕ್ಕೆ ರಜೆ ಹಾಕಿ ಹೋದ ಎರಡು ವಾರ ಹಾಳೆ ಸತ್ತಂತೆ ಬಿದ್ದಿತ್ತು, ಇಪ್ಪತ್ತು ವರ್ಷದಿಂದ ಈ ಲ್ಯಾಬಿನ ಉಪಕರಣ ನೋಡಿಕೊಳ್ಳುವ ಟೆಕ್ನಿಷಿಯನ್ ದಿನಾ ಕೂತು ಅಳೆದ, ಒಂದು ಗೀಟೂ ಏಳಲಿಲ್ಲ, ಅವನೋ ಕೂತರೆ ಕೂತ ಹಾಗೇ ಇರುವ ಆಸಾಮಿ, ಕೆಮ್ಮಬೇಕಾದರೂ ಎದ್ದು ಹೊರಗೆ ಹೋಗುತ್ತಾನೆ, ತಾನು ಬಂದವಳೇ ಏನಂದದ್ದು ಅವನಿಗೆ, ನಿಮ್ದು ಸ್ವಲ್ಪ ಒರಟು ಕೈ ಅಣ್ಣ, ಇದಕ್ಕೆ ನಾಜೂಕು ಬೇಕು, ಪಾಪ, ಹೌದೇನೋ ಮೇಡಂ ಎಂದು ಅಂಗೈ ನೋಡಿಕೊಂಡಿದ್ದ. ಹಾಳೆ ನಿನ್ನ ಹಚ್ಕೊಂಡಿದೆ ಕಣಮ್ಮ, ಪ್ರೊಫೆಸರರು ಅಂದದ್ದು, ಅಂದು ನಕ್ಕು, ಆಮೇಲೆ ನಗು ನಿಲ್ಲಿಸಿ ಅದಕ್ಕೊಂದು ಸಮೀಕರಣ ಬರೆದರು, ಉಸಿರಿನ ತೇವದ ಪರಿಣಾಮ, ಅದು ಹನ್ನೊಂದನೆಯದು.

ಕಾಲು ಕುಣಿಸ್ಬೇಡ್ವೇ, ನೆನಪಿನಲ್ಲಿ ಅಮ್ಮ ಹೊಲಿಗೆ ಯಂತ್ರದ ಹಿಂದಿನಿಂದ ಕೂಗುತ್ತಾಳೆ, ಬಾಯಲ್ಲಿ ಎರಡು ಗುಂಡುಸೂಜಿ, ಪಾದ ಪೆಡಲಿನ ಮೇಲೆ, ಟಕಟಕ ಟಕಟಕ, ಆ ಯಂತ್ರದ ಕೆಳಗೆ ಕೂತೇ ತಾನು ಮಗ್ಗಿ ಕಲಿತದ್ದು, ನೀನು ದಿನಪೂರ್ತಿ ಕುಣಿಸ್ತೀಯಲ್ಲಮ್ಮ, ನನ್ ಕಾಲು ಕುಣಿದ್ರೆ ಫ್ರಾಕ್ ಆಗತ್ತೆ ಕಣೇ, ನಿನ್ ಕಾಲು ಕುಣಿದ್ರೆ ಏನಾಗತ್ತೆ? ಈಗ ಗೊತ್ತಾಯಿತಮ್ಮ, ನನ್ನ ಕಾಲು ಕುಣಿದರೆ ಮೂರು ಪ್ರಬಂಧ ಆಗುತ್ತದೆ. ಕಾಲೇಜಿನಲ್ಲಿ ಪಕ್ಕ ಕೂರುತ್ತಿದ್ದ ಗೆಳತಿ ಪರೀಕ್ಷೆಯಲ್ಲಿ ತಂತಿಗೆಂದು ಎಳೆದ ನೇರ ಗೆರೆಯೆಲ್ಲ ಅಂಕುಡೊಂಕಾಗಿ ರೆಸಿಸ್ಟರಿನ ಚಿಹ್ನೆಯಂತೆ ಬಂದು, ಇಷ್ಟೊಂದು ರೆಸಿಸ್ಟರು ಯಾಕಮ್ಮ ಈ ಸರ್ಕ್ಯೂಟಿಗೆ ಎಂದು ಮೇಷ್ಟ್ರು ಕೇಳಿದಾಗ, ಸರ್, ಇವಳು ಬೆಂಚು ಅಲ್ಲಾಡಿಸ್ತಾಳೆ ಅಂತ ಅತ್ತುಬಿಟ್ಟಿದ್ದಳು, ಇಡೀ ಎಲೆಕ್ಟ್ರಿಕಲ್ ವಿಭಾಗಕ್ಕೇ ಗೊತ್ತಿದ್ದ ವಿಷಯ, ತನಗೊಬ್ಬಳಿಗೆ ಗೊತ್ತಿರಲಿಲ್ಲ, ಕಾಲು ಕುಣಿಯುವುದು ಕಾಲಿನವಳಿಗೆ ಎಲ್ಲಿ ಕಾಣುತ್ತದೆ.

ಸುಮ್ಮನಿದ್ದುಬಿಟ್ಟರೆ? ಇನ್ನು ಹತ್ತು ನಿಮಿಷ, ಬರೀ ಹತ್ತು ನಿಮಿಷ ಕುಣಿಸಿದರೆ ಸಾಕು, ಅವರು ಸಹಿ ಹಾಕುತ್ತಾರೆ, ಲ್ಯಾಬು ಇನ್ನೈದು ವರ್ಷ ಉಳಿಯುತ್ತದೆ, ಈ ತಿಂಗಳಿಗೆ ಮುಗಿಯುವ ತನ್ನ ಕೆಲಸ ಖಾಯಂ ಆಗುತ್ತದೆ, ಬರುವ ತಿಂಗಳು ನಿವೃತ್ತಿಯಾಗುವ ಪ್ರೊಫೆಸರರು ಹದಿನಾಲ್ಕು ಸಮೀಕರಣ ಕಂಕುಳಲ್ಲಿಟ್ಟುಕೊಂಡು ನೆಮ್ಮದಿಯಾಗಿ ಮನೆಗೆ ಹೋಗುತ್ತಾರೆ — ಆಮೇಲೆ? ಕೆಲಸ ಖಾಯಂ ಆದರೆ ಕಾಲೂ ಖಾಯಂ ಆಗಬೇಕು, ಇನ್ನು ಇಪ್ಪತ್ತೆಂಟು ವರ್ಷ ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ಕುಣಿಸುತ್ತ ಕೂರಬೇಕು, ಮೀನಖಂಡ ಹಿಡಿದುಕೊಂಡರೆ ಎಡಗಾಲು, ಎಡಗಾಲಿನದು ನಾಲ್ಕೇ ಸಲ ಬಂದರೆ ಅದಕ್ಕೆ ಹದಿನೈದನೇ ಸಮೀಕರಣ. ಆಗಲಿ, ಕುಣಿಸೋಣ, ಯಾರಿಗೆ ಏನು ನಷ್ಟ, ಜಗತ್ತಿನಲ್ಲಿ ಯಾವನೂ ಒಂದು ಹಾಳೆ ಮಿಡಿಯಲಿಲ್ಲ ಎಂದು ಉಪವಾಸ ಬೀಳುವುದಿಲ್ಲ ಎಂದುಕೊಳ್ಳುತ್ತಿದ್ದಾಳೆ, ಅಷ್ಟರಲ್ಲಿ ಸಮಿತಿಯ ಹಿರಿಯಮ್ಮ, ಬಂದಾಗಿನಿಂದ ಒಂದು ಮಾತೂ ಆಡದವರು, ಕನ್ನಡಕ ತೆಗೆದು ಪ್ರೊಫೆಸರರನ್ನು ಕೇಳಿದರು, ಇದನ್ನ ಎದೆ ಒಳಗೆ ಇಡೋ ಯಂತ್ರಕ್ಕೆ ಹಾಕ್ಬಹುದಾ? ಬ್ಯಾಟರಿ ಮುಗೀತು ಅಂತ ನನ್ನ ಎದೇನ ಎರಡು ಸಲ ಕುಯ್ದಿದ್ದಾರೆ, ಮೂರನೇದಕ್ಕೆ ನಾನು ತಯಾರಿಲ್ಲಪ್ಪ. ಖಂಡಿತ ಹಾಕ್ಬಹುದು, ಅಂದರು ಪ್ರೊಫೆಸರರು, ಎಷ್ಟು ಮೃದುವಾಗಿ ಅಂದರು, ನಿಮ್ಮಂಥವರಿಗೇ ಅಲ್ವೇ ಮೇಡಂ ಇದು. ಹಿರಿಯಮ್ಮನ ಎದೆಯೊಳಗೆ ತನ್ನ ಮೊಣಕಾಲು. ಆಯಮ್ಮ ಮೆಟ್ಟಿಲು ಹತ್ತುತ್ತಿದ್ದಾರೆ, ಇಲ್ಲಿ ತಾನು ಕಾಫಿಗೆಂದು ಎದ್ದು ಹೋಗುತ್ತಾಳೆ, ಅಲ್ಲಿ — ಛೆ. ಅವಳು ಕಾಲನ್ನು ಎತ್ತಿ ನೆಲದ ಮೇಲಿಟ್ಟಳು.

ಗೆರೆ ಮಲಗಿತು. ಎಂಥ ಮಲಗುವುದು, ಅಡಿಪಟ್ಟಿ ಇಟ್ಟು ಎಳೆದ ಹಾಗೆ, ಪ್ರೊಫೆಸರರು ನಕ್ಕರು, ಲೂಸ್ ಕಾಂಟ್ಯಾಕ್ಟು ಎಂದರು, ಗಾಜಿನ ಪೆಟ್ಟಿಗೆಗೆ ಬೆರಳಲ್ಲಿ ತಟ್ಟಿದರು, ಅಮ್ಮಾ ಸ್ವಲ್ಪ ನೋಡು, ಸರ್, ಅದು ನನ್ನ ಮೊಣಕಾಲು, ಏನು, ಮೊಣಕಾಲು ಸರ್, ಹಾಳೆ ಅಲ್ಲ, ನಾನು ಕಾಲು ಕುಣಿಸ್ತೀನಿ, ತಂತಿ ಅಲುಗತ್ತೆ, ಅಲುಗಿದ್ರೆ ತಂತೀಲೇ ಕರೆಂಟ್ ಹುಟ್ಟತ್ತೆ, ಈಗ ಗೊತ್ತಾಯ್ತು, ಈಗಲೇ, ದೇವರಾಣೆ — ಪಾದ ಮತ್ತೆ ಪಟ್ಟಿಯ ಮೇಲಿಟ್ಟು ತೋರಿಸಿದಳು, ಎದ್ದಿತು, ತೆಗೆದಳು, ಮಲಗಿತು. ಸಮಿತಿಯಲ್ಲಿ ಒಬ್ಬರಿಗೆ ನಗು ಬಂದು ಅದನ್ನು ಕೆಮ್ಮು ಮಾಡಿಕೊಂಡರು, ಹಿರಿಯಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡರು, ಟೆಕ್ನಿಷಿಯನ್ ಮೂಲೆಯಲ್ಲಿ ತನ್ನ ಅಂಗೈಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದಾನೆ, ಅವಳಿಗೆ ಪ್ರೊಫೆಸರರ ಮುಖ ನೋಡುವ ಧೈರ್ಯವಿಲ್ಲ, ಅವರು ಮೊಣಕಾಲೂರಿ ಮೇಜಿನ ಕೆಳಗೆ ಬಗ್ಗಿದ್ದಾರೆ, ಈ ವಯಸ್ಸಿನಲ್ಲಿ, ಟೇಪನ್ನು ಮುಟ್ಟಿ ನೋಡುತ್ತಿದ್ದಾರೆ, ಬೈಯಲಿ, ಎದ್ದು ನಿಂತು ಎಲ್ಲರೆದುರು ಬೆವರಿಳಿಸಲಿ, ಅವರು ಮೇಜು ಹಿಡಿದು ಎದ್ದರು, ಕೋಟಿನ ಧೂಳೂ ಕೊಡವಲಿಲ್ಲ, ಏಳಮ್ಮ ಎಂದರು, ಅವಳು ಎದ್ದಳು, ಅವರು ಸ್ಟೂಲಿನ ಮೇಲೆ ಕೂತರು, ಬಲಗಾಲನ್ನು ಅಡ್ಡಪಟ್ಟಿಯ ಮೇಲಿಟ್ಟರು, ಲೇಸು ಸಡಿಲಾದ ಕಪ್ಪು ಬೂಟು, ಕುಣಿಸಿ ಅಭ್ಯಾಸವಿಲ್ಲದ ಕಾಲು, ಮೊದಲು ತಡವರಿಸಿತು, ಆಮೇಲೆ ಲಯ ಹಿಡಿಯಿತು, ಗೆರೆ ಎದ್ದಿತು. ಸೆಕೆಂಡಿಗೆ ಎಷ್ಟು ಸಲ, ಅಂದರು, ಪರದೆಯಿಂದ ಕಣ್ಣು ಕೀಳದೆ, ಮೂರೂವರೆ ಸರ್, ಬರ್ಕೋ, ಹಾಳೆ ಅಲ್ಲ, ತಂತಿ ಅಂತ ಬರ್ಕೋ, ಬರೆದುಕೊಂಡಳು, ಅಕ್ಷರ ಕಾಣದಷ್ಟು ಕಣ್ಣು ತುಂಬಿದೆ, ಇನ್ನೊಂಚೂರು ಜೋರು ಮಾಡ್ತೀನಿ, ಈಗೆಷ್ಟು, ನಾಲ್ಕು ಸರ್, ಬರ್ಕೋ, ಸಮಿತಿಯವರು ಹೋಗಬೇಕೋ ನಿಲ್ಲಬೇಕೋ ತಿಳಿಯದೆ ನಿಂತಿದ್ದಾರೆ, ಬೂಟು ಏಳುತ್ತದೆ, ಗೆರೆ ಏಳುತ್ತದೆ, ಬೂಟು ಇಳಿಯುತ್ತದೆ, ಗೆರೆ ಇಳಿಯುತ್ತದೆ, ಬಿಚ್ಚಿಕೊಂಡ ಲೇಸು ಗಾಳಿಯಲ್ಲಿ ಆಡುತ್ತದೆ, ಬೂಟು, ಗೆರೆ, ಕಪ್ಪು ಬೂಟು —