ಕುಂಬಳಕಾಯಿಯ ಪಾಳಿ

ಎರಡೂ ಕೈಯಲ್ಲಿ ಪಾತ್ರೆ ಹಿಡಿದುಕೊಂಡು ಸೊಸೆ ಮೇಜಿನ ಸುತ್ತ ಎರಡನೇ ಸಲ ಬಂದಳು. ಇಡಲು ಜಾಗವೇ ಇರಲಿಲ್ಲ. ಅನ್ನದ ಡಬರಿ, ಮೂರು ಮನೆಯಿಂದ ಬಂದ ಮೂರು ಬಗೆಯ ಸಾರು, ಬ್ರೆಡ್ಡು, ಬೇಯಿಸಿದ ಮೊಟ್ಟೆ, ಹೆಚ್ಚಿದ ಹಣ್ಣು ಎಲ್ಲ ಒಂದನ್ನೊಂದು ಒತ್ತಿಕೊಂಡು ಕೂತಿದ್ದವು. ಕೊನೆಗೆ ಲೋಟಗಳನ್ನು ಮೊಣಕೈಯಿಂದ ಸರಿಸಿ, ತನ್ನ ಪಾತ್ರೆಯನ್ನು ಮೂಲೆಗೆ ತುರುಕಿ, ಮುಚ್ಚಳ ತೆಗೆದಳು. ಒಳಗೆ ಬೆಂದು ಕರಗಿದ ಕುಂಬಳಕಾಯಿ ಇತ್ತು.

"ಇವತ್ತೂ ಅದನ್ನೇ ಮಾಡ್ಕೊಂಡು ಬಂದ್ಯಾ?" ಎಂದಳು ನಾದಿನಿ. ಗಂಡನ ಅಕ್ಕ. ತಿಂಗಳುಗಟ್ಟಲೆ ಆಸ್ಪತ್ರೆಗೂ ಮನೆಗೂ ಅಲೆದು ಜೀವ ಹಣ್ಣಾಗಿ, ಗೋಡೆಗೆ ಒರಗಿ ನಿಂತಿದ್ದಳು. ಬೆಳಿಗ್ಗೆ ಸ್ಮಶಾನದಲ್ಲಿ ಎಲ್ಲರೂ ಅತ್ತಾಗಲೂ ಅವಳ ಕಣ್ಣಲ್ಲಿ ನೀರು ಬಂದಿರಲಿಲ್ಲ.

"ಏನು ತರ್ಬೇಕು ಅಂತ ಯಾರೂ ಹೇಳ್ಲಿಲ್ಲ ಅಕ್ಕಾ. ಅದಕ್ಕೇ ಯಾವಾಗ್ಲೂ ತರೋದನ್ನೇ ತಂದೆ."

"ಹೇಳೋರು ಹೋದ್ರಲ್ಲ," ಎಂದು ನಾದಿನಿ ತಟ್ಟೆ ಒರೆಸಲು ಬಟ್ಟೆ ಹುಡುಕುತ್ತಾ ಹೊರಟಳು. "ನಿನಗೂ ಸುಸ್ತಾಗಿರುತ್ತೆ. ಬೇಕಾದ್ರೆ ಬೇಗ ಹೊರಡು. ಇಲ್ಲಿ ನಾವಿದ್ದೀವಿ."

ನಾವು ಎಂದರೆ ಯಾರು, ಅದರಲ್ಲಿ ತಾನಿದ್ದೇನೋ ಇಲ್ಲವೋ ಎಂದು ಸೊಸೆಗೆ ತಿಳಿಯಲಿಲ್ಲ. ಕೇಳುವಷ್ಟು ತ್ರಾಣವೂ ಇರಲಿಲ್ಲ.

ಹೇಳುವವರು ಹೋಗಿದ್ದರು, ಅದು ಮಾತ್ರ ನಿಜ. ಸತ್ತ ಅತ್ತೆಗೆ ಮನೆಯವರೂ ಬೀದಿಯವರೂ ಇಟ್ಟ ಹೆಸರು ಮೇಸ್ತ್ರಮ್ಮ. ದೊಡ್ಡಾಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸಕ್ಕೆ ಸೇರಿ, ಹಾಸಿಗೆ ಚಾದರಗಳ ರಾಶಿಯಲ್ಲಿ ಅರ್ಧ ಆಯುಸ್ಸು ಕಳೆದು, ಕೊನೆಗೆ ಅಲ್ಲಿನವರಿಗೆಲ್ಲ ಪಾಳಿ ಹಾಕುವ ಹೆಂಗಸಾದಳು. ಯಾರು ಬೆಳಿಗ್ಗೆ, ಯಾರು ಸಂಜೆ, ಯಾರಿಗೆ ಕುದಿಯುವ ನೀರಿನ ತೊಟ್ಟಿ, ಯಾರಿಗೆ ಇಸ್ತ್ರಿ ಎಂದು ಅವಳು ಒಮ್ಮೆ ಹೇಳಿದರೆ ಮುಗಿಯಿತು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ, ಅವಳದು ಕೆಲಸದಿಂದ ಬಂದ ಗುಣ, ಅದು ನಿವೃತ್ತಿಯಾದರೂ ಹೋಗಲಿಲ್ಲ. ವರ್ಷದ ಕೊನೆಯ ರಜೆಗೆ ಮಕ್ಕಳು, ನೆಂಟರು, ನೆರೆಯವರು, ಹಳೆಯ ಜೊತೆಗಾತಿಯರು ಎಲ್ಲ ಈ ಎರಡು ಕೋಣೆಯ ಮನೆಗೆ ಒಂದೊಂದು ಅಡುಗೆ ಹೊತ್ತು ಬರಬೇಕು. ಯಾರು ಏನು ತರಬೇಕೆಂದು ಅವಳೇ ಹೇಳುತ್ತಿದ್ದಳು. ನಿಯಮ ಒಂದೇ. ತುಂಬಿದ ಪಾತ್ರೆ ತಂದವರು ಖಾಲಿ ಪಾತ್ರೆ ಒಯ್ಯಬೇಕು. ಯಾರ ಅಡುಗೆಯೂ ಉಳಿದು ಅವರ ಮನೆಗೆ ವಾಪಸ್ಸು ಹೋಗಕೂಡದು.

ಸೊಸೆಯ ಪಾತ್ರೆ ಪ್ರತಿ ವರ್ಷ ಎಲ್ಲರಿಗಿಂತ ಮೊದಲು ಖಾಲಿಯಾಗುತ್ತಿತ್ತು. ಅವಳು ಬಸ್ಸಿನ ಕಂಡಕ್ಟರ್. ಡಿಪೋದಲ್ಲಿ ಜೊತೆಯವರು ಅತ್ತೆಮನೆಯ ಗೋಳು ತೋಡಿಕೊಂಡಾಗ, "ನಮ್ಮನೇಲಿ ನನ್ನ ಕುಂಬಳಕಾಯಿಗೆ ಕಿತ್ತಾಡ್ತಾರೆ ಕಣ್ರೇ, ನಾನು ಬಡಿಸಿ ಬರೋಷ್ಟ್ರಲ್ಲಿ ಪಾತ್ರೆ ತಳ ಕಾಣ್ತಿರುತ್ತೆ," ಎನ್ನುತ್ತಿದ್ದಳು. ಅತ್ತೆ ಒಂದು ದಿನವೂ ಹೊಗಳಿದವಳಲ್ಲ, ಹತ್ತಿರ ಕೂರಿಸಿಕೊಂಡವಳಲ್ಲ. ಈ ಮನೆಗೆ ತಾನು ಸೇರಿದವಳು ಎನ್ನಲು ಸೊಸೆಗೆ ಇದ್ದದ್ದು ಆ ಖಾಲಿ ಪಾತ್ರೆಯೊಂದೇ.

*

ಮದುವೆಯಾದ ಮೊದಲ ವರ್ಷ ಮಾತ್ರ ಹಾಗಾಗಿರಲಿಲ್ಲ. ಆವತ್ತು ಅವಳ ಪಾತ್ರೆ ಮುಟ್ಟಿದವರಿಲ್ಲ. ಒಬ್ಬರು ಚಮಚದ ತುದಿಯಿಂದ ರುಚಿ ನೋಡಿ ನೀರು ಕುಡಿದರು. ಇನ್ನೊಬ್ಬರು ಇದು ಊಟಕ್ಕೋ ಊಟದ ಮೇಲಕ್ಕೋ ಎಂದು ಕೇಳಿ ಉತ್ತರಕ್ಕೂ ಕಾಯಲಿಲ್ಲ. ಎಲ್ಲರೂ ಎದ್ದ ಮೇಲೆ ಅವಳು ಬಚ್ಚಲಿಗೆ ಹೋಗಿ, ಸದ್ದು ಕೇಳದಿರಲೆಂದು ನಲ್ಲಿ ತಿರುಗಿಸಿ ಅತ್ತಳು.

ಬಾಗಿಲು ಬಡಿದ ಸದ್ದಾಯಿತು. "ನೀರು ದಂಡ ಆಗ್ತಿದೆ. ನಲ್ಲಿ ನಿಲ್ಸು."

ಅವಳು ಮುಖ ಒರೆಸಿಕೊಂಡು ಹೊರಗೆ ಬಂದಳು. ಮೇಸ್ತ್ರಮ್ಮ ಕೈಯಲ್ಲಿ ಅದೇ ಪಾತ್ರೆ ಹಿಡಿದು ನಿಂತಿದ್ದಳು.

"ಇದನ್ನ ಯಾರು ಕಲಿಸಿದ್ದು?"

"ಯಾರೂ ಇಲ್ಲ ಅತ್ತೆ. ನಾವು ಹಾಸ್ಟೆಲ್‌ನಲ್ಲಿದ್ದಾಗ ವರ್ಷಕ್ಕೊಂದು ಸಲ ರಜೆ ದಿನ ಮಾಡ್ತಿದ್ರು. ಸಿಹಿ ಅಂತ ಸಿಗ್ತಿದ್ದಿದ್ದು ಅದೊಂದೇ. ಹೇಗೆ ಮಾಡ್ತಿದ್ರೋ ಗೊತ್ತಿಲ್ಲ, ನೆನಪಿದ್ದಷ್ಟು ಮಾಡಿದೆ."

"ಮಾಡುವಾಗ ರುಚಿ ನೋಡಲ್ವಾ?"

"ಎಲ್ರಿಗೂ ಬಡಿಸೋ ಮುಂಚೆ ಬಾಯಿಗೆ ಹಾಕಿದ್ರೆ ಅಲ್ಲಿ ಸೌಟಲ್ಲಿ ಹೊಡೀತಿದ್ರು. ಈಗ್ಲೂ ಕೈ ಬರಲ್ಲ."

ಅನಾಥರ ಹಾಸ್ಟೆಲಿನಲ್ಲಿ ಬೆಳೆದ ಹುಡುಗಿಗೆ ಅಡುಗೆ ಬಾರದೆಂದು ಮೇಸ್ತ್ರಮ್ಮನಿಗೆ ಮೊದಲೇ ಗೊತ್ತಿತ್ತು. ಮಗ ಮನೆಯಲ್ಲಿ ಒಲೆ ಹಚ್ಚುವುದು ತಾನೇ ಎಂದು ಹೇಳಿದ್ದ. ಅವಳು ಸ್ವಲ್ಪ ಹೊತ್ತು ಪಾತ್ರೆಯೊಳಗೆ ನೋಡಿದಳು.

"ಬರೋ ವರ್ಷಾನೂ ಇದನ್ನೇ ತಾ," ಎಂದು ಒಳಗೆ ಹೋದಳು.

*

ಈಗ ಜನ ತಟ್ಟೆ ಹಿಡಿದು ಮೇಜಿನ ಸುತ್ತ ಸರಿಯುತ್ತಿದ್ದರು. ದುಃಖದ ಮನೆಯಲ್ಲೂ ಹೊಟ್ಟೆ ಕೇಳುತ್ತದೆಯೇ. ಅನ್ನದಲ್ಲಿ ಗುಂಡಿ ಬಿತ್ತು, ಸಾರು ತಳಕ್ಕಿಳಿಯಿತು, ಮೊಟ್ಟೆ ಮುಗಿಯಿತು. ಸೊಸೆ ನೀರು ಬಡಿಸುತ್ತಾ, ನೋಡದವಳ ಹಾಗೆ ತನ್ನ ಪಾತ್ರೆಯನ್ನೇ ನೋಡುತ್ತಿದ್ದಳು. ಹಾಕಿದ್ದ ಚಮಚ ಹಾಕಿದ ಹಾಗೇ ನಿಂತಿತ್ತು. ದುಃಖಕ್ಕೆ ಸಿಹಿ ಬೇಡವಾಗಿರಬೇಕು ಎಂದುಕೊಂಡಳು. ಆದರೆ ಪಕ್ಕದ ತಟ್ಟೆಯಲ್ಲಿದ್ದ ಹಣ್ಣಿನ ಕೇಕು ನೋಡನೋಡುತ್ತಲೇ ಪುಡಿಯಷ್ಟೇ ಉಳಿದಿತ್ತು.

ಅವಳಿಗೆ ಹೋದ ವರ್ಷದ ರಜೆ ನೆನಪಾಯಿತು.

*

ಅಷ್ಟು ಹೊತ್ತಿಗಾಗಲೇ ಅತ್ತೆಯ ಹೊಟ್ಟೆಯಲ್ಲಿ ಕಾಯಿಲೆ ಕೂತಿತ್ತು. ತೆಳು ಗಂಜಿ ಬಿಟ್ಟು ಬೇರೇನೂ ಕೊಡಬೇಡಿ ಎಂದು ಡಾಕ್ಟರು ಹೇಳಿದ್ದರು. ಊಟ ಮುಗಿದ ಸಂಜೆ ಮೇಸ್ತ್ರಮ್ಮ ಮಂಚದ ಮೇಲೆ ಎದ್ದು ಕೂತು ವಾಂತಿ ಮಾಡಿಕೊಂಡಳು. ಬೇಸಿನ್ ಹಿಡಿದಿದ್ದ ಸೊಸೆಗೆ ಬಣ್ಣ ನೋಡಿದ ಕೂಡಲೇ ಗೊತ್ತಾಯಿತು.

"ಅತ್ತೆ, ಕುಂಬಳಕಾಯಿ ತಿಂದ್ರಾ? ಗಂಜಿ ಬಿಟ್ಟು ಏನೂ ಬೇಡ ಅಂದಿದ್ರಲ್ಲ."

"ತಿನ್ಬೇಕು ಅನ್ನಿಸ್ತು."

"ಅನ್ನಿಸಿದ್ರೆ ತಿಂದುಬಿಡೋದಾ? ಒಂದು ಚಮಚ ಸಾಲ್ತಿರ್ಲಿಲ್ವಾ?"

"ನೀನು ಬೇಸಿನ್ ನೆಟ್ಟಗೆ ಹಿಡಿ," ಎಂದಳು ಮೇಸ್ತ್ರಮ್ಮ.

ಸೊಸೆ ಬೈದುಕೊಂಡೇ ಬೆನ್ನು ಸವರಿದಳು. ಬೈದರೂ ಒಳಗೊಳಗೇ ಹಿಗ್ಗಿದ್ದಳು. ಆ ಹಿಗ್ಗಿಗೆ ನಾಚಿಕೆಯೂ ಆಗಿತ್ತು.

*

ಸಾವಿಗೆ ಬಂದವರಲ್ಲಿ ಬಹಳ ಜನ ಹೊರಟುಹೋದರು. ಉಳಿದವರು ಮನೆಯವರು, ಎದುರುಮನೆಯ ದರ್ಜಿ ಮಾಮ. ನಾದಿನಿಯ ಗಂಡ ಲಾರಿ ಓಡಿಸುತ್ತಾನೆ, ಎಲ್ಲರ ಬಾಯಲ್ಲೂ ಲಾರಿ ಭಾವ. ಅವನು ಬಾಡಿಗೆ ಕುರ್ಚಿಗಳನ್ನು ಮಡಚಿ ಒಂದರ ಮೇಲೊಂದು ಇಡುತ್ತಿದ್ದ. ಸೊಸೆಯ ಗಂಡ ನೆಲ ಗುಡಿಸುತ್ತಿದ್ದ. ದರ್ಜಿ ಮಾಮನಿಗೆ ಕಿವಿ ಮಂದ. ತಾನು ಪಿಸುಗುಟ್ಟುತ್ತಿದ್ದೇನೆ ಎಂದುಕೊಂಡು ಬೀದಿಗೆಲ್ಲ ಕೇಳುವ ಹಾಗೆ ಮಾತಾಡುವ ಮನುಷ್ಯ.

"ಈ ವರ್ಷದ್ದು ಯಾರ ಪಾಳಿ ಅಂತ ಅವಳು ಹೇಳೇ ಇಲ್ವಲ್ಲಪ್ಪ," ಎಂದ ಅವನು ಲಾರಿ ಭಾವನಿಗೆ, ಗದ್ದದಿಂದ ಪಾತ್ರೆಯತ್ತ ತೋರಿಸುತ್ತಾ. "ಹೋದ ಸಲ ನಂದಿತ್ತು. ಮೂರು ದಿನ ಹೊಟ್ಟೆ ಸರಿ ಇರ್ಲಿಲ್ಲ. ಈಗ ನೋಡು, ಹೇಳೋರಿಲ್ದೆ ಹಾಗೇ ಉಳೀತು."

ಲಾರಿ ಭಾವ ನಾಲಿಗೆ ಕಚ್ಚಿಕೊಂಡ. ಗುಡಿಸುವ ಸದ್ದು ನಿಂತಿತು.

"ಏನು ಪಾಳಿ?" ಸೊಸೆ ಕೇಳಿದಳು.

"ಏನಿಲ್ಲಮ್ಮ, ಅದೇ, ಮನೆ ಅಂದ್ಮೇಲೆ ಒಂದು ಹಂಚಿಕೆ ಅಂತ ಇರುತ್ತಲ್ಲ," ಎಂದು ಲಾರಿ ಭಾವ ಅಡ್ಡಗೋಡೆಯ ಮೇಲೆ ದೀಪ ಇಟ್ಟ.

ಅವಳು ಗಂಡನ ಕಡೆ ನೋಡಿದಳು. ಅವನು ಪೊರಕೆಯ ಕಡ್ಡಿ ಎಣಿಸುವವನ ಹಾಗೆ ತಲೆ ತಗ್ಗಿಸಿದ್ದ.

"ನಿಮಗೂ ಗೊತ್ತಾ?"

"ನಂದು ಎರಡು ಸಲ ಬಂದಿತ್ತು," ಎಂದ ಅವನು.

ನಾದಿನಿ ಒಳಗಿನಿಂದ ಕೈ ಒರೆಸಿಕೊಳ್ಳುತ್ತಾ ಬಂದಳು. ಒಮ್ಮೆ ಎಲ್ಲರ ಮುಖ ನೋಡಿದಳು, ಅವಳಿಗೆ ಅರ್ಥವಾಯಿತು. ಸುತ್ತಿ ಬಳಸಿ ಹೇಳುವ ಶಕ್ತಿ ಅವಳಿಗೆ ಉಳಿದಿರಲಿಲ್ಲವೋ, ಅಥವಾ ತಾಯಿಯಂತೆ ಮಗಳೋ, ನೇರ ಹೇಳಿಬಿಟ್ಟಳು.

"ನಿನ್ನ ಕುಂಬಳಕಾಯಿ ಯಾರಿಗೂ ಸೇರಲ್ಲ. ಎರಡನೇ ವರ್ಷದಿಂದ ಅಮ್ಮ ಒಬ್ಬೊಬ್ಬರಿಗೆ ಪಾಳಿ ಹಾಕಿದ್ಳು. ಯಾರದ್ದು ಪಾಳಿನೋ ಅವರು ಅವಳ ಜೊತೆ ಒಳಗೆ ಕೂತು ಖಾಲಿ ಮಾಡ್ಬೇಕು. ನೀನು ಹೊರಗೆ ನೀರು ಬಡಿಸ್ತಿರ್ತಿದ್ದೆ."

"ಅತ್ತೆ ಜೊತೆ?"

"ಅವಳದ್ದು ಪ್ರತಿ ವರ್ಷ. ಉಳಿದವರದ್ದು ಬದಲಾಗ್ತಿತ್ತು ಅಷ್ಟೆ."

ಸೊಸೆ ಕೂರಲು ಕುರ್ಚಿ ಎಳೆದಳು. ಮಡಚಿಟ್ಟ ಕುರ್ಚಿ, ಲಾರಿ ಭಾವ ಓಡಿಬಂದು ಬಿಡಿಸಿಕೊಟ್ಟ. ಇಷ್ಟು ವರ್ಷ ಎಲ್ಲರಿಗೂ ಗೊತ್ತಿತ್ತು, ಕಿವಿ ಕೇಳದ ದರ್ಜಿಗೂ ಗೊತ್ತಿತ್ತು. ಡಿಪೋದಲ್ಲಿ ತಾನು ಕೊಚ್ಚಿಕೊಂಡದ್ದೆಲ್ಲ ನೆನಪಾಗಿ ಅವಳ ಕಿವಿ ಬಿಸಿಯಾದವು. ಈಗಲೇ ಎದ್ದು ಹೋಗಿಬಿಡಬೇಕು ಅನ್ನಿಸಿತು, ಮತ್ತೆ ಈ ಮೆಟ್ಟಿಲು ಹತ್ತಬಾರದು ಅನ್ನಿಸಿತು. ಅತ್ತೆಯೂ ಇಲ್ಲ, ಬಾ ಎನ್ನುವವರೂ ಇಲ್ಲ.

"ನಗ್ತಿದ್ರಾ ನೀವೆಲ್ಲ?"

"ಮೊದಲ ಒಂದೆರಡು ವರ್ಷ ನಕ್ವಿ," ಎಂದಳು ನಾದಿನಿ. "ಸುಳ್ಳು ಯಾಕೆ ಹೇಳ್ಲಿ. ಒಂದು ಸಲ ನಾನು ನನ್ನ ಪಾಳೀನ ಇವರ ತಲೆಗೆ ಕಟ್ಟೋಕೆ ನೋಡ್ದೆ. ಅಮ್ಮ ಒಂದು ತಿಂಗಳು ನನ್ನ ಹತ್ರ ಮಾತಾಡ್ಲಿಲ್ಲ. ಆಮೇಲೆ ಅಭ್ಯಾಸ ಆಯ್ತು."

"ನಂಗೊಂದು ಮಾತು ಹೇಳಿದ್ರೆ ಆಗ್ತಿತ್ತಲ್ಲ ಅಕ್ಕಾ. ಬಿಟ್ಟುಬಿಡ್ತಿದ್ದೆ."

"ಹೇಳ್ತೀನಿ ಅಂದೆ. ಬೇಡ ಅಂದ್ಳು. ಯಾಕೆ ಅಂತ ಕೇಳಿದ್ರೆ ಅವಳು ಯಾವತ್ತು ಉತ್ತರ ಕೊಟ್ಟಿದ್ದಾಳೆ."

ಸೊಸೆ ಪಾತ್ರೆಯನ್ನು ಹತ್ತಿರ ಎಳೆದುಕೊಂಡಳು. ಚಮಚ ತುಂಬಿಸಿದಳು. ಇಷ್ಟು ವರ್ಷ ಮಾಡಿಯೂ ತಾನು ಒಮ್ಮೆಯೂ ತಿಂದಿಲ್ಲವೆಂದು ಆಗ ಹೊಳೆಯಿತು. ಮಾಡುವಾಗ ಕೈ ಬರುತ್ತಿರಲಿಲ್ಲ, ಬಡಿಸಿ ಬರುವಷ್ಟರಲ್ಲಿ ಉಳಿದಿರುತ್ತಿರಲಿಲ್ಲ. ಬಾಯಿಗೆ ಹಾಕಿಕೊಂಡಳು.

ಸಕ್ಕರೆ ಏರಿಗೆಳೆದರೆ ಮೆಣಸು ನೀರಿಗೆಳೆಯುತ್ತಿತ್ತು. ತಳ ಹಿಡಿದ ಕಮಟು ಬೇರೆ. ಎಲ್ಲಕ್ಕಿಂತ ಹೆಚ್ಚಾಗಿ, ಇದು ಹಾಸ್ಟೆಲಿನದ್ದಲ್ಲ. ಆ ತಗಡಿನ ತಟ್ಟೆಯಲ್ಲಿ ವರ್ಷವಿಡೀ ಕಾದು ನೆಕ್ಕುತ್ತಿದ್ದ ರುಚಿಯ ಹತ್ತಿರಕ್ಕೂ ಇದು ಸುಳಿದಿರಲಿಲ್ಲ. ಅವಳು ಅದನ್ನು ಬಾಯಲ್ಲಿ ಹಾಗೇ ಇಟ್ಟುಕೊಂಡು ಕೂತಳು. ಬಹಳ ಹೊತ್ತಿನ ಮೇಲೆ ನುಂಗಿದಳು.

"ಇಷ್ಟು ಕೆಟ್ಟದಾಗಿರುತ್ತಾ?"

"ಈ ಸಲ ಪರವಾಗಿಲ್ಲ ಅನ್ಸುತ್ತೆ," ಎಂದ ಗಂಡ, ದೂರದಿಂದಲೇ.

ಯಾರೂ ನಗಲಿಲ್ಲ. ಅವಳಿಗೆ ಅಳುವೂ ಬರಲಿಲ್ಲ. ಬೇಸಿನ್ ನೆಟ್ಟಗೆ ಹಿಡಿ ಎಂದ ಮುದುಕಿಯ ಬೆನ್ನುಮೂಳೆ ಅಂಗೈಗೆ ಹತ್ತಿದಂತಾಗಿ ಕೈಯನ್ನು ಮಡಿಲಲ್ಲಿಟ್ಟುಕೊಂಡಳು. ಎಷ್ಟು ದಣಿದಿದ್ದೇನೆಂದು ಆಗ ಗೊತ್ತಾಯಿತು.

"ಇದನ್ನ ನಾನು ಮನೆಗೆ ತಗೊಂಡು ಹೋಗ್ತೀನಿ," ಎಂದಳು. "ಇನ್ನು ಯಾರಿಗೂ ಪಾಳಿ ಬೇಡ." ಮುಚ್ಚಳ ಹುಡುಕಿ ಎದ್ದಳು.

ತಿರುಗಿ ಬರುವಷ್ಟರಲ್ಲಿ ನಾದಿನಿ ಆ ಕುರ್ಚಿಯಲ್ಲಿ ಕೂತಿದ್ದಳು. ಪಾತ್ರೆ ಅವಳ ತೊಡೆಯ ಮೇಲಿತ್ತು. ನಿನ್ನೆಯಿಂದ ಒಂದಗುಳು ಮುಟ್ಟದವಳು ಚಮಚದ ಮೇಲೆ ಚಮಚ ಎತ್ತಿ ಬಾಯಿಗೆ ತುಂಬಿಕೊಳ್ಳುತ್ತಿದ್ದಳು. ಮುಖ ಕಿವುಚಿಕೊಳ್ಳುತ್ತಿತ್ತು, ಗಂಟಲು ಕಷ್ಟಪಟ್ಟು ಏರಿಳಿಯುತ್ತಿತ್ತು.

"ಬಿಡಿ ಅಕ್ಕಾ, ಸಾಕು. ಹೊಟ್ಟೆ ಕೆಡುತ್ತೆ." ಸೊಸೆ ಪಾತ್ರೆಯ ಅಂಚು ಹಿಡಿದು ಮೆಲ್ಲಗೆ ಎಳೆದಳು.

ಪಾತ್ರೆ ಬರಲಿಲ್ಲ. ನಾದಿನಿ ಎಡಗೈಯಿಂದ ಅದನ್ನು ಬಲವಾಗಿ ಹಿಡಿದಿದ್ದಳು. ಬಾಯಿ ತುಂಬಿದ್ದರಿಂದ ಮಾತು ಹೊರಡಲಿಲ್ಲ. ಕಣ್ಣಿನಿಂದ ಇಳಿದ ನೀರು ಗಲ್ಲದವರೆಗೆ ಬಂದಿತ್ತು, ಅದನ್ನು ಒರೆಸಿಕೊಳ್ಳಲು ಕೈಗೆ ಬಿಡುವಿರಲಿಲ್ಲ. ಚಮಚ ಹಿಡಿದ ಕೈಯನ್ನೇ ಮೇಲೆತ್ತಿ, ತಡಿ ಎಂದು ಸನ್ನೆ ಮಾಡಿ, ಅಗಿಯುತ್ತಲೇ ಇದ್ದಳು.