ಬಾಣಂತಿಯ ನೀರು

ಐದನೆಯ ಚೆಂಬು ನೀರು ನೆತ್ತಿಯ ಮೇಲೆ ಬಿದ್ದಾಗ ರಮಿತಾ ಮೆಲ್ಲನೆ ಕೇಳಿದಳು, "ಸ್ವಲ್ಪ ತಣ್ಣೀರು ಬೆರೆಸ್ತೀರಾ ಮಾಮಿ?"

"ಬಾಣಂತಿಗೆ ತಣ್ಣೀರಾ? ಒಳ್ಳೆ ಕತೆ ನಿನ್ನದು," ಎಂದು ನಕ್ಕು ಸುಂದರಿ ಆರನೆಯದನ್ನೂ ರಪ್ಪನೆ ಸುರಿದಳು.

ಊರು ಬಿಟ್ಟು ಬಂದವರೇ ತುಂಬಿದ್ದ, ಠಾಕುರ್ಲಿಯ ಆ ಚಾಳಿನ ಸಾಲುಮನೆಗಳ ಬಾಣಂತಿಯರಿಗೆಲ್ಲ ನೀರು ಹೊಯ್ದ ಕೈ ಅದು. ಈಗ ಸ್ವಂತ ಸೊಸೆಯ ಸರದಿ, ಇವತ್ತು ತಲೆಗೆ ಮೊದಲ ನೀರು. ಹನ್ನೊಂದು ದಿನದ ಮೊಮ್ಮಗಳು ಒಳಗೆ ಮಲಗಿದ್ದಾಳೆ. ರಮಿತಾಳಿಗೆ ತಾಯಿಯಿಲ್ಲದ ಕಾರಣ ಬಾಣಂತನ ಗಂಡನ ಮನೆಯಲ್ಲೇ. ಊರಿನಿಂದ ಲಕ್ಕಿ ಸೊಪ್ಪು ತರಿಸಿ ಕುದಿಸಿದ ನೀರು. ಮೈ ಕೆಂಪಗಾಗದಿದ್ದರೆ ಅದು ಸ್ನಾನವೇ ಅಲ್ಲ ಎನ್ನುವವಳು ಸುಂದರಿ.

ಏಳನೆಯ ಚೆಂಬಿಗೆ ರಮಿತಾಳ ಕಣ್ಣು ಒಂದೆಡೆ ನಿಂತುಬಿಟ್ಟಿತು. ಕರೆದರೆ ಓಗೊಡಲಿಲ್ಲ. ಮಣೆಯಿಂದ ಜಾರಿ ಬಿದ್ದವಳ ಕೈಕಾಲು ಸೆಟೆದು ಅದುರತೊಡಗಿದವು. ಸುಂದರಿ ಸೊಸೆಯ ಅಂಗೈಗೆ ಬೀಗದ ಕೈ ತುರುಕಿದಳು, ದೇವರನ್ನೆಲ್ಲ ಕರೆದಳು, ಕೊನೆಗೆ ಆ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಒದ್ದೆ ನೆಲದಲ್ಲೇ ಕುಳಿತಳು. ಎರಡು ನಿಮಿಷವಿರಬೇಕು, ಅದುರುವುದು ತಾನಾಗಿಯೇ ನಿಂತಿತು.

ಎಚ್ಚರವಾದ ರಮಿತಾ ಮೊದಲು ಹಿಡಿದದ್ದು ಅತ್ತೆಯ ಸೆರಗನ್ನು.

"ಸಣ್ಣದಿರುವಾಗಿಂದ ಹೀಗೆ. ಬಿಸಿನೀರು ಒಮ್ಮೆಲೇ ತಲೆಗೆ ಬಿದ್ರೆ ಮಾತ್ರ. ಹೇಳಿದ್ರೆ ಮದುವೆ ಆಗ್ಲಿಕ್ಕಿಲ್ಲ ಅಂತ ದೊಡ್ಡಮ್ಮ ಹೆದರಿಸಿದ್ರು. ನನ್ನನ್ನು ಊರಿಗೆ ಕಳಿಸ್ಬೇಡಿ ಮಾಮಿ. ಮಗುವನ್ನು ಬಿಟ್ಟು ನನಗೆ ಆಗುದಿಲ್ಲ."

ಸುಂದರಿಗೆ ಸಿಟ್ಟು ಬಂತು. ಎರಡು ವರ್ಷ ಒಂದೇ ಪಾತ್ರೆಯ ಗಂಜಿ ಉಂಡವಳು ಒಂದು ಮಾತು ಬಿಡಲಿಲ್ಲವಲ್ಲ.

"ಗೊತ್ತಿದ್ದೂ ಯಾಕೆ ಮಣೆ ಮೇಲೆ ಕೂತದ್ದು ನೀನು?"

"ನೀವು ನಾಲ್ಕು ಗಂಟೆಗೆ ಎದ್ದು ನೀರು ಕಾಯಿಸಿದ್ರಿ."

ಜೀವ ಹೋದರೂ ಬೇಡ ಎನ್ನಲಾರದಷ್ಟು ಹೆದರಿಕೆಯೇ ಈ ಹುಡುಗಿಗೆ ತನ್ನ ಬಗ್ಗೆ ಎಂದು ಸುಂದರಿಗೆ ನಾಚಿಕೆಯಾಯಿತು.

"ಜಯೇಶನಿಗೆ ನಾನೇ ಹೇಳ್ತೇನೆ. ನೀನು ಹೆದರ್ಬೇಡ."

ವಿಷಯ ಕೇಳಿ ಮಗ ಜಯೇಶ ಮುಖ ಗಂಟಿಕ್ಕಿದ. "ಮೊದ್ಲೇ ಹೇಳ್ಬಹುದಿತ್ತಲ್ಲ?"

"ಹೇಳ್ಬಹುದಿತ್ತು. ಈಗ ರಿಕ್ಷಾ ತಾ."

ಮಗುವನ್ನೂ ಎತ್ತಿಕೊಂಡು ಕಲ್ಯಾಣದ ಆಸ್ಪತ್ರೆಗೆ ಹೋದರು. ಬಿಸಿನೀರಿನಿಂದ ಬರುವ ಈ ಫಿಟ್ಸ್ ಡಾಕ್ಟರಿಗೇನೂ ಹೊಸದಲ್ಲ. ಮಾತ್ರೆ ಬರೆದು, ತಲೆಗೆ ಬಿಸಿನೀರು ಸುರಿಯಲೇಬಾರದು ಎಂದರು.

ಮರುದಿನ ಬೆಳಿಗ್ಗೆ ಪಕ್ಕದ ಮನೆಯ ಶ್ರೀಮತಿ ಬಾಗಿಲಲ್ಲಿ ನಿಂತಳು. ಅವಳಿಗೆ ಗೊತ್ತಾದರೆ ಮಧ್ಯಾಹ್ನದೊಳಗೆ ಡೊಂಬಿವಲಿಗೂ ಗೊತ್ತಾಗುತ್ತದೆ, ಸಂಜೆಗೆ ಊರಿಗೆ.

"ಸೊಸೆಗೆ ನೀರು ಹೊಯ್ತಾ ಇದ್ದೀರಾ ಸುಂದರಕ್ಕ? ಬಿಸಿ ಉಂಟಲ್ಲ?"

"ಕೈ ಹಾಕ್ಲಿಕ್ಕಾಗುದಿಲ್ಲ, ಅಷ್ಟುಂಟು," ಎಂದು ಸುಂದರಿ ಬಚ್ಚಲಿನೊಳಗಿನಿಂದಲೇ ಉತ್ತರಿಸಿದಳು.

ಅವಳು ಒದ್ದೆ ಬಟ್ಟೆಯಿಂದ ರಮಿತಾಳ ಬೈತಲೆಯನ್ನು ಒರೆಸುತ್ತಿದ್ದಳು. ಹೊರಗೆ ಒಲೆಯ ಮೇಲೆ ಯಾರ ತಲೆಗೂ ಬೇಡದ ಒಂದು ದೊಡ್ಡ ಪಾತ್ರೆ ನೀರು, ಲಕ್ಕಿ ಸೊಪ್ಪು ಹಾಕಿ, ಕೊತಕೊತ ಕುದಿಯುತ್ತಿತ್ತು.